ಸಭೆಯ ಬಾಗಿಲು ಓಣಿಯ ಕಡೆಗೆ ತೆರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸಿ.ಎಸ್.ಐ. (ದಕ್ಷಿಣ ಇಂಡಿಯಾ ಸಭೆ) ಚರ್ಚಿನ ಸಭೆ. ಸುಮಾರು 70 ಕುಟುಂಬಗಳಿವೆ. ಪ್ರತಿ ಕ್ರಿಸ್‌ಮಸ್‌ಗೆ ಕಂಬಳಿ, ಜೂನ್ ತಿಂಗಳಲ್ಲಿ ನೋಟ್‌ಬುಕ್ ಹಂಚುತ್ತೇವೆ. ಆದರೂ ಸುತ್ತಲಿನ ಓಣಿಗಳವರಿಗೂ ನಮಗೂ ಬಳಕೆಯಿಲ್ಲ. ಕಳೆದ ವರ್ಷ ನೋಟ್‌ಬುಕ್ ಕೊಡುವಾಗ ಕೆಲವರು ತಡೆದು, ‘ಇವನ್ನು ಯಾಕೆ ಕೊಡುತ್ತಿದ್ದೀರಿ?’ ಎಂದು ಕೇಳಿದರು. ಯುವಕರಿಗೆ ಏನಾದರೂ ಮಾಡುವ ಹಂಬಲ, ಹಿರಿಯರಿಗೆ ಅಂಜಿಕೆ. ಹಣವೂ ಹೆಚ್ಚಿಲ್ಲ. ಊರಿನವರೊಂದಿಗೆ ಬೆರೆತು ಸೇವೆ ಮಾಡಲು ಎಲ್ಲಿಂದ ಆರಂಭಿಸಬೇಕು? ಹೀಗೆ ಮಾಡಿದರೆ ಸಭೆ ಬೆಳೆಯುತ್ತದೆಯೇ?
— ಸಭೆಯ ಕಾರ್ಯದರ್ಶಿ

ಉತ್ತರ: ‘ಯಾಕೆ ಕೊಡುತ್ತಿದ್ದೀರಿ’ ಎಂದು ಕೇಳಿದವರ ಮೇಲೆ ನಿಮಗೆ ಬೇಸರವಾಗಿರುವುದು ಪತ್ರದಲ್ಲಿ ಕಾಣುತ್ತದೆ. ನನಗೆ ಆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸುತ್ತದೆ. ವರ್ಷವಿಡೀ ಮಾತುಕತೆಯಿಲ್ಲದ ಮನೆಯವರು ಎರಡೇ ದಿನ ಚೀಲ ಹಿಡಿದು ಬಾಗಿಲಿಗೆ ಬಂದರೆ ಯಾರಾದರೂ ಕಾರಣ ಕೇಳುತ್ತಾರೆ. ನಾವೂ ಕೇಳುತ್ತೇವೆ. ಆದ್ದರಿಂದ ಏನು ಕೊಡಬೇಕು ಎಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಪರಿಚಯವೇ ಇಲ್ಲದವರಾಗಿ ನಾವು ಹೇಗೆ ಉಳಿದೆವು ಎಂಬುದನ್ನು ಮೊದಲು ನೋಡೋಣ.

ಇದರಲ್ಲಿ ನಿಮ್ಮ ಪೀಳಿಗೆಯ ತಪ್ಪಿಗಿಂತ ಇತಿಹಾಸದ ಪಾಲು ದೊಡ್ಡದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅದರ ನೆಲೆಗಳಾದವು. ಆಗ ಕ್ರೈಸ್ತರಾದವರಲ್ಲಿ ಅನೇಕರು ಮನೆ, ಜಾತಿಯ ಕಸುಬು, ನೆಂಟರು ಎಲ್ಲವನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ತೋರಿಸಲು ಮಿಷನ್ನಿನವರು ನೇಕಾರಿಕೆಯ ಕಾರ್ಖಾನೆ ತೆರೆದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು, ವಾಸಕ್ಕೆ ಕಾಂಪೌಂಡುಗಳನ್ನು ಮಾಡಿದರು. ಆ ಕಾಲಕ್ಕೆ ಅದು ಜೀವ ಉಳಿಸಿದ ಕೆಲಸ, ಅದನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಆದರೆ ಕಾಂಪೌಂಡಿನ ಗೋಡೆ ಆಶ್ರಯ ಕೊಟ್ಟಂತೆಯೇ ಅಂತರವನ್ನೂ ಬೆಳೆಸಿತು. ಮನೆ, ಶಾಲೆ, ಕೆಲಸ, ಆರಾಧನೆ, ಸ್ಮಶಾನ ಎಲ್ಲವೂ ಒಳಗೇ ಸಿಗುವಾಗ ಓಣಿಗೆ ಹೋಗುವ ಅಗತ್ಯ ಎಲ್ಲಿ ಬಂತು? ಕಾರ್ಖಾನೆಗಳು ಹೋದವು, ಮಿಷನ್ ಹೋಯಿತು, 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯೂ ರೂಪುಗೊಂಡಿತು. ಒಳಗೇ ಇರುವ ಅಭ್ಯಾಸ ಮಾತ್ರ ಅನೇಕ ಕಡೆ ಉಳಿದುಕೊಂಡಿದೆ.

ಅದೇ ಮಿಷನ್ನಿನ ಇನ್ನೊಂದು ಮುಖವೂ ನಮ್ಮ ಆಸ್ತಿಯೇ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರಿನ ವರ್ತಮಾನವಿತ್ತು, ಸರ್ಕಾರದ ನಿರೂಪಗಳಿದ್ದವು, ಪುರಂದರದಾಸರ ಪದಗಳೂ ಇದ್ದವು. ಊರಿಗೆ ಏನು ಬೇಕು ಎಂದು ನೋಡಿದ, ಊರಿನ ಸಂಪತ್ತನ್ನು ಗೌರವದಿಂದ ಕೈಗೆತ್ತಿಕೊಂಡ ಮನಸ್ಸು ಅದು. ಅದೇ ಮಿಷನ್ನಿನ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಕನ್ನಡಿಗರ ಮುಂದೆ ದಶಕಗಳ ಕಾಲ ವಿದ್ಯಾರ್ಥಿಯಾಗಿ ಕುಳಿತದ್ದರಿಂದಲೇ. ಕೊಡುವವರಾಗುವ ಮೊದಲು ಅವರು ಕಲಿಯುವವರಾಗಿದ್ದರು. ನಿಮ್ಮ ಸಭೆಗೆ ನಾನು ಹೇಳಬೇಕಾದ ಮುಖ್ಯ ಮಾತೂ ಇದೇ.

ಹಾಗಾಗಿ ಮೊದಲ ಮೂರು ತಿಂಗಳು ಯಾರಿಗೂ ಏನನ್ನೂ ಕೊಡಬೇಡಿ. ಯುವಕರಿಗೆ ಇದು ನಿರಾಸೆ ತರಬಹುದು, ಆದರೂ ಗಟ್ಟಿಯಾಗಿ ನಿಲ್ಲಿ. ಆ ಮೂರು ತಿಂಗಳಲ್ಲಿ ಇಬ್ಬಿಬ್ಬರಾಗಿ ಹೋಗಿ ಕೆಲವರನ್ನು ಕಂಡು ಬನ್ನಿ: ವಾರ್ಡಿನ ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು, ಔಷಧಿ ಅಂಗಡಿಯವರು, ಪೌರಕಾರ್ಮಿಕರು, ಸಮೀಪದ ಮಠದವರು, ಮಸೀದಿಯ ಜಮಾತಿನವರು. ಅರ್ಜಿ ನಮೂನೆ ಹಿಡಿದು ಹೋಗಬೇಡಿ, ಫೋಟೊ ತೆಗೆಯಬೇಡಿ. ‘ನಿಮಗೆ ಏನು ಬೇಕು?’ ಎಂದು ಕೇಳಿದರೆ ಜನ ಕೊಡುವವರ ಮುಖ ನೋಡಿ ಉತ್ತರಿಸುತ್ತಾರೆ. ಅದರ ಬದಲು, ‘ಈ ಓಣಿಯಲ್ಲಿ ರಾತ್ರಿ ಹೊತ್ತು ಯಾರ ಮನೆಯಲ್ಲಿ ತೊಂದರೆಯಾದರೆ ಕರೆಯಲು ಯಾರೂ ಇಲ್ಲ?’ ಎಂದು ಕೇಳಿ. ಅಥವಾ, ‘ಯಾವ ಕೆಲಸಕ್ಕೆ ನೀವು ಕಚೇರಿಗೆ ಪದೇ ಪದೇ ಅಲೆಯಬೇಕಾಗಿದೆ?’ ಎನ್ನಿ. ಆಶಾ ಕಾರ್ಯಕರ್ತೆ ಇಂಥ ಪ್ರಶ್ನೆಗೆ ಮನೆ ಮನೆಯನ್ನೂ ಬೆರಳು ಮಡಿಸಿ ಹೇಳಬಲ್ಲರು.

ಕೇಳದೆ ಕೊಡುವುದು ನಮ್ಮ ಶಾಸ್ತ್ರಕ್ಕೂ ಒಪ್ಪುವುದಿಲ್ಲ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯನು ದಾರಿಯ ಬದಿಯಲ್ಲಿ ಕುಳಿತು ಕೂಗುತ್ತಾನೆ. ಅವನಿಗೆ ಬೇಕಾದದ್ದು ಕಣ್ಣು ಎಂಬುದು ಎಲ್ಲರಿಗೂ ಕಾಣುವಂತಿತ್ತು. ಆದರೂ ಯೇಸು ‘ನಾನು ನಿನಗೆ ಏನು ಮಾಡಬೇಕು?’ ಎಂದು ಕೇಳಿದನು. ಸಮಾರ್ಯದ ಬಾವಿಯ ಬಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಹೆಂಗಸಿನ ಹತ್ತಿರ ತಾನೇ ಕುಡಿಯಲು ನೀರು ಬೇಡಿದನು. ಯೆಹೂದ್ಯರು ಸಮಾರ್ಯದವರೊಂದಿಗೆ ಬಳಕೆ ಇಟ್ಟುಕೊಳ್ಳದ ಕಾಲ ಅದು. ನೀರು ಕೇಳುವುದೆಂದರೆ ಅವಳ ಕೈಯಿಂದ ಪಡೆಯಲು ಒಪ್ಪುವುದು.

ಪಡೆಯುವ ವಿಷಯವನ್ನು ನಿಮ್ಮ ಹಿರಿಯರ ಕಮಿಟಿಯಲ್ಲಿ ಬಿಡಿಸಿ ಮಾತಾಡಬೇಕು, ಬಳಕೆ ಕಡಿದುಹೋಗುವುದು ಅಲ್ಲಿಯೇ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತಾರೆ, ಸಂಕ್ರಾಂತಿಗೆ ಕುಸುರೆಳ್ಳು ಕೊಡುತ್ತಾರೆ. ಮನೆ ಬಾಗಿಲಿಗೆ ಬಂದ ಪಕ್ಕದ ಮನೆಯ ಮಗುವಿನ ಕೈಯಿಂದ ಬನ್ನಿ ಎಲೆ ತೆಗೆದುಕೊಳ್ಳಲೂ ಹಿಂಜರಿಯುವ ಕುಟುಂಬಗಳನ್ನು ನಾನು ಬಲ್ಲೆ. ಪೂಜೆಯಲ್ಲಿ ಭಾಗವಹಿಸುವುದು, ನೈವೇದ್ಯ ಸ್ವೀಕರಿಸುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟ ವಿಷಯ. ಪೌಲನು ಕೊರಿಂಥದವರಿಗೆ ಬರೆದದ್ದೂ ಮನಸ್ಸಾಕ್ಷಿಯನ್ನು ಗೌರವಿಸಿಯೇ. ಆದರೆ ಬನ್ನಿ, ಎಳ್ಳು, ಹಬ್ಬದ ಹೋಳಿಗೆ ನೆರೆಹೊರೆಯ ಪ್ರೀತಿಯವು. ಎರಡೂ ಕೈಯಿಂದ ತೆಗೆದುಕೊಳ್ಳಿ. ಓಣಿಯಲ್ಲಿ ಸಾವಾದರೆ ಮಣ್ಣಿಗೆ ಹೋಗಿ ಬನ್ನಿ. ಉತ್ತರ ಕರ್ನಾಟಕದಲ್ಲಿ ಮಣ್ಣಿಗೆ ಬಂದವರನ್ನು ಜನ ಮರೆಯುವುದಿಲ್ಲ, ಬಾರದವರನ್ನೂ ಮರೆಯುವುದಿಲ್ಲ. ಜಾತ್ರೆಯ ಮೆರವಣಿಗೆಯೋ ಉರುಸಿನ ಗಂಧವೋ ನಮ್ಮ ದೇವಾಲಯದ (ಚರ್ಚಿನ) ಗೇಟಿನ ಮುಂದೆ ಹಾದು ಹೋಗುವಾಗ ಹೊರಗೆ ನಿಂತು ಮಜ್ಜಿಗೆ ಕೊಡಿ. ಅದಕ್ಕೆ ಬ್ಯಾನರ್ ಬೇಡ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳುತ್ತೇನೆ. ನಿಮ್ಮವರು ಪೌರಕಾರ್ಮಿಕರ ಓಣಿಗೆ ಹೋದಾಗ ಅಲ್ಲಿ ಚಹಾ ಕುಡಿಯುತ್ತಾರೆಯೇ, ಅಥವಾ ‘ಈಗಷ್ಟೇ ಆಯಿತು’ ಎಂದು ಏಳುತ್ತಾರೆಯೇ? ಜಾತಿ ನಮ್ಮ ಸಭೆಗಳೊಳಗೂ ಮದುವೆಯ ಮಾತಿನಲ್ಲಿ, ಕುಳಿತುಕೊಳ್ಳುವ ಸಾಲಿನಲ್ಲಿ ಉಸಿರಾಡುತ್ತಿದೆ. ಅದನ್ನು ಒಳಗಿಟ್ಟುಕೊಂಡು ಹೊರಗೆ ಸೇವೆಗೆ ಹೊರಟರೆ ಜನಕ್ಕೆ ಮೊದಲ ದಿನವೇ ತಿಳಿಯುತ್ತದೆ. ಚಹಾ ಕುಡಿಯಲಾಗದವರನ್ನು ಆ ಕೆಲಸಕ್ಕೆ ಕಳುಹಿಸಬೇಡಿ.

ಕೇಳಿ ಬಂದದ್ದನ್ನೆಲ್ಲ ಹರಡಿಕೊಂಡು ಕುಳಿತಾಗ ನಿಮ್ಮಲ್ಲಿ ಏನಿದೆ ಎಂಬುದನ್ನೂ ನೋಡಿಕೊಳ್ಳಿ. ‘ಹಣವಿಲ್ಲ’ ಎಂದಿದ್ದೀರಿ. ಮಿಷನ್ ಶಾಲೆ, ಆಸ್ಪತ್ರೆಗಳ ಪರಂಪರೆಯಿಂದ ಬಂದ 70 ಕುಟುಂಬಗಳಲ್ಲಿ ನಿವೃತ್ತ ನರ್ಸ್ ಇಲ್ಲದಿರುವುದು ಅಪರೂಪ, ಶಿಕ್ಷಕರು ಇದ್ದೇ ಇರುತ್ತಾರೆ. ಕಚೇರಿಯಲ್ಲಿ ದುಡಿದು ಅರ್ಜಿಯ ಒಳಹೊರಗು ಬಲ್ಲವರು, ಆಟೊ ಓಡಿಸುವವರು, ಹೊಲಿಗೆ ಬಲ್ಲವರು ಇರುತ್ತಾರೆ. ವಾರದ ಆರು ದಿನ ಬೀಗ ಹಾಕಿರುವ ಹಾಲ್ ಇದೆ. ಇವು ಕಂಬಳಿಗಿಂತ ದೊಡ್ಡ ಬಂಡವಾಳ.

ಇವೆಲ್ಲ ಕೂಡಿದ ಮೇಲೆ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ನಿಮ್ಮ ಊರು ಏನು ಹೇಳುತ್ತದೆಯೋ ಅದೇ ಅಂತಿಮ. ಆದರೂ ನಿಮ್ಮಂತಹ ಸಭೆಗೆ ಹೊಂದುವ ಕೆಲಸ ಯಾವುದು ಎಂದು ನನ್ನನ್ನು ಕೇಳಿದರೆ, ಹಾಸಿಗೆ ಹಿಡಿದವರ ಮತ್ತು ದೀರ್ಘ ಕಾಯಿಲೆಯವರ ಜೊತೆ ಇರುವುದು ಎನ್ನುತ್ತೇನೆ. ತಾಲ್ಲೂಕು ಊರುಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ, ಗೋವಾ ಸೇರಿ ವೃದ್ಧರು ಒಬ್ಬರೇ ಉಳಿದಿದ್ದಾರೆ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಗೆ ಹೋಗಬೇಕೆಂದರೆ ಬಸ್ಸು ಹತ್ತಿಸುವುದು, ಹೊರರೋಗಿ ಚೀಟಿ ಮಾಡಿಸುವುದು, ಸ್ಕ್ಯಾನಿಂಗ್ ಎಲ್ಲಿ, ರಕ್ತ ಪರೀಕ್ಷೆಯ ವರದಿ ಯಾವಾಗ ಎಂದು ವಿಚಾರಿಸುವುದು, ಆಯುಷ್ಮಾನ್ ಕಾರ್ಡ್ ಯಾವ ಕೌಂಟರಿನಲ್ಲಿ ತೋರಿಸಬೇಕೆಂದು ತಿಳಿಯುವುದು, ಇಷ್ಟರಲ್ಲೇ ಅನೇಕರು ಸೋತು ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಜೊತೆಗೆ ಹೋಗುವ ಒಬ್ಬರು ಇದ್ದರೆ ಎಲ್ಲವೂ ಬದಲಾಗುತ್ತದೆ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದವರ ಮನೆಯ ಕಷ್ಟವನ್ನು ಕೇಳಿ ನೋಡಿ. ಅಲ್ಲಿ ಒಂದು ದಿನದ ದಿನಸಿ ಚೀಲಕ್ಕಿಂತ ಪ್ರತಿ ಮಂಗಳವಾರ ತಪ್ಪದೆ ಬರುವ ಆಟೊ ದೊಡ್ಡದು.

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಉಪಶಮನ ಆರೈಕೆಯ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ನೆರೆಹೊರೆ ಜಾಲ ಬೆಳೆದದ್ದು ಹೀಗೆಯೇ. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಸಾಮಾನ್ಯ ಜನರನ್ನು ಕೂಡಿಸಿ, ತರಬೇತಿ ಕೊಟ್ಟು, ತಮ್ಮದೇ ಓಣಿಯ ರೋಗಿಗಳನ್ನು ನೋಡಿಕೊಳ್ಳುವಂತೆ ಮಾಡಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಅಲ್ಲಿ ಬರಲಿಲ್ಲ. ನಿಮ್ಮಲ್ಲಿಯೂ ನಿವೃತ್ತ ನರ್ಸ್ ಒಬ್ಬರು ಹತ್ತು ಜನರಿಗೆ ಮೂಲ ಸಂಗತಿಗಳನ್ನು ಕಲಿಸಬಹುದು: ಹಾಸಿಗೆ ಹುಣ್ಣು ಬಾರದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮಲಗಿದಲ್ಲೇ ಮೈ ಒರೆಸಿ ಚಾದರ ಬದಲಾಯಿಸುವುದು, ಗಂಟಲಿಗೆ ಸಿಕ್ಕದಂತೆ ಗಂಜಿ ಕುಡಿಸುವುದು. ಔಷಧಿ ಹೇಳುವುದು ನಿಮ್ಮ ಕೆಲಸವಲ್ಲ, ಅದನ್ನು ವೈದ್ಯರಿಗೇ ಬಿಡಿ. ಹಗಲಿರುಳು ಆರೈಕೆ ಮಾಡಿ ಬಸವಳಿದ ಸೊಸೆಗೋ ಮಗಳಿಗೋ ಎರಡು ಗಂಟೆ ಬಿಡುವು ಕೊಟ್ಟು ‘ನೀವು ಸಂತೆಗೆ ಹೋಗಿ ಬನ್ನಿ, ನಾವು ಕುಳಿತಿರುತ್ತೇವೆ’ ಎನ್ನುವುದೇ ಎಷ್ಟೋ ಮನೆಗಳಲ್ಲಿ ದೊಡ್ಡ ಉಪಕಾರ.

ಕ್ಷಯರೋಗಿಗಳ ಕಡೆಗೂ ಗಮನ ಕೊಡಿ. ಔಷಧಿ ಉಚಿತ, ಆದರೆ ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ತಪ್ಪದೆ ನುಂಗಬೇಕು. ಅರೆಹೊಟ್ಟೆಯಲ್ಲಿ ಆ ಮಾತ್ರೆಗಳನ್ನು ತಾಳಿಕೊಳ್ಳುವುದು ಕಷ್ಟ. ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ಕೊಡುವ ತಿಂಗಳ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. 2022ರಲ್ಲಿ ಆರಂಭವಾದ ‘ನಿಕ್ಷಯ ಮಿತ್ರ’ ಯೋಜನೆಯಲ್ಲಿ ಸಂಘ ಸಂಸ್ಥೆಗಳು ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗಳಿಗೆ ಆಹಾರದ ಕಿಟ್ ಒದಗಿಸಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಯ ಕ್ಷಯರೋಗ ವಿಭಾಗದವರನ್ನು ಕಾಣಿರಿ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಕೆಲಸ ಸರ್ಕಾರಿ ಆಸ್ಪತ್ರೆಯ ಮೂಲಕ ನಡೆಯುವುದರಿಂದ ಯಾರಿಗೆ, ಏನು, ಯಾಕೆ ಕೊಟ್ಟಿರಿ ಎಂಬುದು ದಾಖಲೆಯಲ್ಲಿ ಇರುತ್ತದೆ.

ಹಾಲ್ ವಿಷಯ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದು ಯಾವ ಧರ್ಮಕ್ಕೂ ಸೇರಿದ್ದಲ್ಲ, ಆದರೆ ಲೋಕದಾದ್ಯಂತ ಅದರ ಎಷ್ಟೋ ಕೂಟಗಳು ಸೇರುವುದು ಚರ್ಚುಗಳ ಹಾಲ್‌ಗಳಲ್ಲೇ. ಹತ್ತಿರದಲ್ಲಿ ಅಂಥ ಕೂಟವಿದ್ದರೆ ವಾರಕ್ಕೊಂದು ಸಂಜೆ ಜಾಗ ಕೊಡಿ. ಪರೀಕ್ಷೆಯ ದಿನಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಕುಳಿತು ಓದಲು ದೀಪ, ಫ್ಯಾನು, ನೀರು ಇರುವ ಜಾಗ ಇಕ್ಕಟ್ಟಿನ ಮನೆಗಳಲ್ಲಿ ಸಿಗುವುದಿಲ್ಲ. ಅದಕ್ಕೂ ತೆರೆಯಬಹುದು.

ಆದರೆ ಮಕ್ಕಳ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ತಂದೆ ತಾಯಿಯ ಲಿಖಿತ ಒಪ್ಪಿಗೆ, ಯಾವಾಗಲೂ ಕನಿಷ್ಠ ಇಬ್ಬರು ವಯಸ್ಕರು, ತೆರೆದ ಬಾಗಿಲು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ‘ಸಭೆಯ ಮಾನ’ ಎಂದು ಒಳಗೇ ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ. ಯಾರೋ ಹೇಳಿದರೆಂದು ಬಡ ಮಕ್ಕಳ ಹಾಸ್ಟೆಲ್ ತೆರೆಯುವ ಆಸೆಗೆ ಬೀಳಬೇಡಿ. ಪಾಲನೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಗೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ಅಷ್ಟು ದೊಡ್ಡ ಹೊಣೆ ನಿಮ್ಮಂತಹ ಸಣ್ಣ ಸಭೆಗೆ ಹೊರಲಾಗದು.

ಈಗ ಹಿರಿಯರ ಅಂಜಿಕೆಗೆ ಬರುತ್ತೇನೆ. ಅದು ಕಾರಣವಿಲ್ಲದ ಅಂಜಿಕೆ ಎಂದು ತಳ್ಳಿಹಾಕಬೇಡಿ. ಕರ್ನಾಟಕದ 2022ರ ಮತಾಂತರ ಸಂಬಂಧಿ ಕಾಯ್ದೆ ‘ಆಮಿಷ’ ಎಂಬುದರಲ್ಲಿ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣ ಇವನ್ನೆಲ್ಲ ಸೇರಿಸಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇವತ್ತಿನ ಸ್ಥಿತಿಯನ್ನು ಒಬ್ಬ ವಕೀಲರಿಂದ ತಿಳಿದುಕೊಂಡೇ ಮುಂದುವರಿಯಿರಿ. ಕೆಲಸ ಆರಂಭಿಸುವ ಮೊದಲು ವಾರ್ಡಿನ ಸದಸ್ಯರಿಗೂ ಪೊಲೀಸ್ ಠಾಣೆಗೂ ಒಂದು ಪುಟದ ಪತ್ರ ಕೊಟ್ಟು ಪ್ರತಿಗೆ ಸಹಿ ಪಡೆಯಿರಿ. ಯಾರಾದರೂ ದಾರಿಯಲ್ಲಿ ತಡೆದರೆ ವಾದಕ್ಕೆ ನಿಲ್ಲದೆ ಆ ಪ್ರತಿಯನ್ನು ತೋರಿಸಿ, ಸಮಾಧಾನದಿಂದ ಹಿಂದಿರುಗಿ.

ಕಾನೂನು ಏನೇ ಇರಲಿ, ಸೇವೆಯನ್ನೂ ಆರಾಧನೆಗೆ ಕರೆಯುವುದನ್ನೂ ಬೆರೆಸಬಾರದು ಎಂಬುದು ನನ್ನ ಗಟ್ಟಿ ನಿಲುವು. ಭಯದಿಂದ ಹೇಳುತ್ತಿಲ್ಲ, ಸುವಾರ್ತೆ ಓದಿ ಹೇಳುತ್ತಿದ್ದೇನೆ. ಲೂಕನ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಬಾರದ ಒಂಬತ್ತು ಮಂದಿಯಿಂದ ಯೇಸು ಆರೋಗ್ಯವನ್ನು ಹಿಂದೆ ಪಡೆಯಲಿಲ್ಲ. ಆದ್ದರಿಂದ ಆಹಾರದ ಕಿಟ್‌ನೊಳಗೆ ಕರಪತ್ರ ಇಡಬೇಡಿ. ಮಕ್ಕಳು ಓದುವ ಹಾಲ್‌ನಲ್ಲಿ ಭಜನೆ ಕಲಿಸಬೇಡಿ. ರೋಗಿಯೇ ‘ನನಗಾಗಿ ಪ್ರಾರ್ಥಿಸಿ’ ಎಂದು ಕೇಳಿದರೆ, ಮನೆಯವರ ಎದುರಿಗೇ ಚಿಕ್ಕದಾಗಿ ಪ್ರಾರ್ಥಿಸಿ. ಕೇಳದಿದ್ದರೆ ನಿಮ್ಮ ಮನೆಯಲ್ಲಿ ಪ್ರಾರ್ಥಿಸಿ. ನಿಮ್ಮ ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಮುಚ್ಚಿಡುವ ಅಗತ್ಯವಿಲ್ಲ, ನೇರವಾಗಿ ಹೇಳಿ. ಆದರೆ ಆ ಮಾತಿಗೂ ಆಟೊ ಬರುವುದಕ್ಕೂ ಸಂಬಂಧವಿಲ್ಲ ಎಂಬುದು ಆ ಮನೆಗೆ ಸ್ಪಷ್ಟವಾಗಿರಬೇಕು.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ಬರುವ ಮೊತ್ತದ ಒಂದು ಪಾಲನ್ನು ಈ ಕೆಲಸಕ್ಕೆ ಮೀಸಲಿಡಿ, ಲೆಕ್ಕವನ್ನು ಬೇರೆಯಾಗಿ ಬರೆದು ದೇವಾಲಯದ ಫಲಕದಲ್ಲಿ ಹಚ್ಚಿ. ವಿದೇಶದಲ್ಲಿರುವ ಬಂಧುಗಳ ಚರ್ಚು ಹಣ ಕಳುಹಿಸುತ್ತದೆ ಎಂದರೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಈ ಕೆಲಸದ ಸಮಿತಿಯಲ್ಲಿ ಓಣಿಯ ಇಬ್ಬರು ಇರಲಿ, ಅವರು ಕ್ರೈಸ್ತರಲ್ಲದಿದ್ದರೆ ಇನ್ನೂ ಒಳ್ಳೆಯದು. ಮಠದಲ್ಲಿ ದಾಸೋಹ ನಡೆಯುತ್ತಿದ್ದರೆ ನೀವು ಇನ್ನೊಂದು ಅನ್ನದಾನ ಆರಂಭಿಸದೆ ಅಲ್ಲಿಗೇ ಒಂದು ಚೀಲ ಜೋಳ ಕೊಟ್ಟು, ಅಲ್ಲಿಗೆ ನಡೆದು ಬರಲಾಗದ ಮುದುಕರಿಗೆ ಊಟ ತಲುಪಿಸುವ ಕೆಲಸ ಕೇಳಿ ಪಡೆಯಿರಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತಾ, ಎಲ್ಲ ಜಾತಿ ಮತಗಳ ಮಕ್ಕಳನ್ನೂ ಸಾಕುತ್ತಾ ನಮ್ಮ ನೆರೆಯಲ್ಲೇ ಇದೆ. ನಿಮ್ಮ ಯುವಜನರನ್ನು ಒಂದು ದಿನ ಅಲ್ಲಿಗೆ ಕರೆದೊಯ್ದರೆ ಸೇವೆಯ ಬಗ್ಗೆ ನನಗಿಂತ ಚೆನ್ನಾಗಿ ಕಲಿತು ಬರುತ್ತಾರೆ.

‘ಸಭೆ ಬೆಳೆಯುತ್ತದೆಯೇ?’ ಎಂದು ಕೊನೆಯಲ್ಲಿ ಕೇಳಿದ್ದೀರಿ. ಭಾನುವಾರದ ಹಾಜರಿ ಹೆಚ್ಚದಿರಬಹುದು. ಅದನ್ನು ಮನಸ್ಸಿನಲ್ಲಿಟ್ಟು ಹೊರಟರೆ ಓಣಿಯವರ ಸಂಶಯವೇ ನಿಜವಾಗುತ್ತದೆ, ಎರಡು ವರ್ಷದಲ್ಲಿ ನಿಮ್ಮವರಿಗೂ ಉತ್ಸಾಹ ಇಂಗುತ್ತದೆ. ನಾನು ಕಂಡ ಸಭೆಗಳಲ್ಲಿ ಬೆಳೆದದ್ದು ಬೇರೆ. ಆರಾಧನೆಗೆ ಬಂದು ಹೋಗುವುದಷ್ಟನ್ನೇ ಬಲ್ಲ ಯುವಕರು ಜವಾಬ್ದಾರಿ ಹೊರಲು ಕಲಿತರು. ಪ್ರಾರ್ಥನೆಯಲ್ಲಿ ‘ರೋಗಿಗಳನ್ನು ನೆನಪಿಸಿಕೋ’ ಎಂದು ಒಟ್ಟಾಗಿ ಹೇಳುತ್ತಿದ್ದವರು ಹೆಸರು ಹಿಡಿದು ಪ್ರಾರ್ಥಿಸತೊಡಗಿದರು. ಸಭೆಯೊಳಗೇ ಯಾರೂ ವಿಚಾರಿಸದೆ ಉಳಿದಿದ್ದ ವಿಧವೆಯರ ಮನೆಗಳೂ ಆಗ ಕಣ್ಣಿಗೆ ಬಿದ್ದವು.

ಕೊನೆಗೆ, ಇಂಥ ಕೆಲಸಗಳು ನಿಲ್ಲುವ ಸಾಮಾನ್ಯ ಕಾರಣವೊಂದನ್ನು ಹೇಳಬೇಕು. ಉತ್ಸಾಹಿ ಸಭಾಪಾಲಕರು ಆರಂಭಿಸುತ್ತಾರೆ, ಕೆಲವು ವರ್ಷಗಳಲ್ಲಿ ಅವರಿಗೆ ವರ್ಗಾವಣೆಯಾಗುತ್ತದೆ, ಕೆಲಸವೂ ಅವರ ಲಾರಿಯ ಜೊತೆಗೇ ಹೊರಟುಹೋಗುತ್ತದೆ. ಹೊಣೆಯನ್ನು ಮೊದಲ ದಿನದಿಂದಲೇ ಸ್ತ್ರೀಯರ ಅನ್ಯೋನ್ಯ ಕೂಟಕ್ಕೂ (ಸಭೆಯ ಮಹಿಳಾ ಸಂಘ) ಯುವಜನರಿಗೂ ಸೇರಿಸಿ ಕೊಡಿ, ಪಾಲಕರು ಜೊತೆಗಿರಲಿ. ಯಾವ ಮನೆಗೆ ಯಾರು ಯಾವ ದಿನ ಹೋಗುತ್ತಾರೆ, ಯಾವ ಆಸ್ಪತ್ರೆಯಲ್ಲಿ ಯಾವ ದಿನ ತಪಾಸಣೆ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಕಾಯಿಲೆಯ ವಿವರ ಅದರಲ್ಲಿ ಬೇಡ. ಹೊಸ ಪಾಲಕರು ಬಂದ ಮೊದಲ ವಾರದಲ್ಲೇ, ಸಭೆಯ ಮನೆಗಳ ಭೇಟಿಗೂ ಮೊದಲು, ಅವರನ್ನು ಆಶಾ ಕಾರ್ಯಕರ್ತೆಯ ಬಳಿಗೆ ಕರೆದೊಯ್ದು ಪರಿಚಯ ಮಾಡಿಸಿ.